ಆಚೆ ಕಾಣುವ ಫೋನ್ ನಿಜಕ್ಕೂ ಬರುತ್ತದಾ? ಗಾಜು ಒಡೆದರೆ ಟಚ್ ಯಾಕೆ ಸಾಯುತ್ತದೆ?

ರಿಪೇರಿ ರುದ್ರ
ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟು ಹದಿನಾಲ್ಕು ವರ್ಷ ಆಯಿತು. ಕೈಕೆಲಸ ಗೊತ್ತು, ಅದರ ಹಿಂದಿನ ವಿಜ್ಞಾನ ಅಷ್ಟಕ್ಕಷ್ಟೇ. ಅದಕ್ಕೇ ಕೇಳುತ್ತಿದ್ದೇನೆ, ನಗಬೇಡಿ.

ಮೊನ್ನೆ ಒಬ್ಬ ಗಿರಾಕಿ ಎರಡು ಫೋನ್ ತಂದರು. ಒಂದು ಅವರದು, ಒಂದು ಮಗಳದು. ಸ್ಕೂಟರಿನಿಂದ ಒಟ್ಟಿಗೇ ಬಿದ್ದದ್ದು. ಎರಡರ ಗಾಜೂ ಜೇಡರ ಬಲೆ ಆಗಿದೆ. ಮಗಳ ಫೋನಿನಲ್ಲಿ ಟಚ್ ಚೆನ್ನಾಗಿದೆ. ಅಪ್ಪನ ಹಳೇ ಫೋನಿನಲ್ಲಿ ಬಲಗಡೆ ಒಂದು ಪಟ್ಟೆಯಷ್ಟು ಜಾಗ ಸತ್ತಿದೆ. "ಗಾಜಿನಲ್ಲಿ ತಂತಿ ಇಲ್ಲ, ಏನೂ ಇಲ್ಲ. ಗಾಜು ಒಡೆದರೆ ಟಚ್ ಯಾಕೆ ಹೋಗಬೇಕು? ನೀವೇ ಏನೋ ಮಾಡಿದಿರಿ" ಅಂದರು. ಹದಿನಾಲ್ಕು ವರ್ಷದ ಅನುಭವ ಇಟ್ಟುಕೊಂಡು ನಾನು ಕೊಟ್ಟ ಉತ್ತರ, "ಅದು ಹಾಗೇ ಸರ್."

ಅಷ್ಟರಲ್ಲಿ ಮಗಳು ಒಂದು ವಿಡಿಯೋ ತೋರಿಸಿದಳು. ಪೂರ್ತಿ ಗಾಜಿನ ಫೋನ್, ಆಚೆ ಕೂತವರ ಮುಖ ಕಾಣುತ್ತದೆ. ಬ್ಯಾಟರಿ ಇಲ್ಲ, ಬೋರ್ಡ್ ಇಲ್ಲ. "ಮುಂದಿನ ವರ್ಷ ಬರುತ್ತಂತೆ ಅಂಕಲ್." ಇದು ನಿಜವಾ? ಬಂದರೆ ನಾನು ಅದರಲ್ಲಿ ಯಾವ ಸ್ಕ್ರೂ ಬಿಚ್ಚಬೇಕು?

ಸುಮ್ನಿರಿ ಸ್ವಾಮಿ
ಅದೆಲ್ಲ ಗ್ರಾಫಿಕ್ಸ್ ಅಣ್ಣ. ಸುಮ್ನೆ ಲೈಕ್‌ಗೋಸ್ಕರ.

ಹುಬ್ಬಳ್ಳಿ ಮಿರ್ಚಿ
ಹಿಂಬದಿ ಪೂರ್ತಿ ಕಾಣುವ ಫೋನ್ ಆಗಲೇ ಬಂದೈತಲ್ರಿ. ನನ್ನ ಅಳಿಯನ ಕೈಯಾಗ ಐತಿ. ಒಳಗಿನ ದೀಪ ಎಲ್ಲಾ ಕಾಣತಾವ.

ರಿಪೇರಿ ರುದ್ರ
ಮಿರ್ಚಿ ಸರ್, ನೀವು ಹೇಳುತ್ತಿರುವುದು ನಥಿಂಗ್ ಫೋನ್ ಇರಬೇಕು, 2022ರಲ್ಲಿ ಬಂತು. ಅದರ ಹಿಂದಿನ ಮುಚ್ಚಳ ಮಾತ್ರ ಗಾಜು. ಅದನ್ನು ತೆಗೆದರೆ ಒಳಗೆ ಎಲ್ಲರ ಫೋನಿನಲ್ಲೂ ಇರುವ ಹಸಿರು-ಕಪ್ಪು ಬೋರ್ಡೇ. ಷೋಕೇಸಿಗೆ ಗಾಜಿನ ಬಾಗಿಲು ಹಾಕಿದರೆ ಒಳಗಿನ ಸೀರೆ ಗಾಜಿನದು ಆಗುವುದಿಲ್ಲವಲ್ಲ.

ತೆಳುಪದರ
ರುದ್ರ ಅವರೇ, ನಿಮ್ಮ ಗಿರಾಕಿಯ ಪ್ರಶ್ನೆ ಆ ವಿಡಿಯೋಗಿಂತ ಚೆನ್ನಾಗಿದೆ. ನಾನು ತೈವಾನಿನಲ್ಲಿ ಡಿಸ್ಪ್ಲೇ ಕ್ಷೇತ್ರದಲ್ಲಿ ಕೆಲಸ ಮಾಡುತ್ತೇನೆ. ಊರು ಅರಸೀಕೆರೆ.

ಗಾಜಿನಲ್ಲಿ ಏನೂ ಇಲ್ಲ ಎನ್ನುವುದು ತಪ್ಪು. ಒಂದು ಪದರ ಇದೆ, ಅದರಲ್ಲಿ ಕರೆಂಟ್ ಹರಿಯುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಹೆಸರು ಐಟಿಓ, ಅಂದರೆ ಇಂಡಿಯಂ ಟಿನ್ ಆಕ್ಸೈಡ್. ತೂಕದಲ್ಲಿ ನೂರಕ್ಕೆ ತೊಂಬತ್ತು ಪಾಲು ಇಂಡಿಯಂ ಆಕ್ಸೈಡ್, ಹತ್ತು ಪಾಲು ತವರದ ಆಕ್ಸೈಡ್. ಕೂದಲಿಗಿಂತ ನೂರಾರು ಪಟ್ಟು ತೆಳು. ಅದನ್ನು ಅಡ್ಡ ಸಾಲು, ಉದ್ದ ಸಾಲು ಅಂತ ಕೊರೆದಿರುತ್ತಾರೆ. ಬೆರಳು ಹತ್ತಿರ ಬಂದರೆ ಆ ಸಾಲುಗಳ ನಡುವಿನ ಚಾರ್ಜ್ ಸ್ವಲ್ಪ ಬದಲಾಗುತ್ತದೆ. ಯಾವ ಅಡ್ಡ ಸಾಲು, ಯಾವ ಉದ್ದ ಸಾಲು ಎಂದು ಐಸಿ, ಅಂದರೆ ಒಳಗಿನ ಚಿಪ್, ಕಂಡುಹಿಡಿಯುತ್ತದೆ.

ಹಳೇ ಫೋನ್‌ಗಳಲ್ಲಿ ಕೆಲವು ಮಾಡೆಲ್‌ಗೆ ಈ ಪದರವನ್ನು ಮೇಲಿನ ಗಾಜಿನ ಒಳಮೈಗೇ ಬಳಿದಿರುತ್ತಾರೆ. ಗಾಜು ಸೀಳಿದರೆ ಸಾಲೂ ಸೀಳುತ್ತದೆ. ಅಪ್ಪನ ಫೋನಿನಲ್ಲಿ ಒಂದು ಪಟ್ಟೆ ಮಾತ್ರ ಸತ್ತದ್ದು ಅದಕ್ಕೇ, ಆ ಸಾಲುಗಳು ತುಂಡಾಗಿವೆ. ಮಗಳ ಫೋನಿನಲ್ಲಿ ಟಚ್ ಪದರ ಕೆಳಗೆ ಡಿಸ್ಪ್ಲೇ ಮೇಲೆ ಕೂತಿದೆ. ಮೇಲಿನ ಗಾಜು ಬರೀ ಹೊದಿಕೆ. ಹೊದಿಕೆ ಹರಿದರೆ ಮೈಗೆ ಏನೂ ಆಗುವುದಿಲ್ಲ.

ನೀವೇನೂ ಮಾಡಿಲ್ಲ ಎಂದು ಗಿರಾಕಿಗೆ ಹೇಳಿ.

ರಿಪೇರಿ ರುದ್ರ
ಅಯ್ಯೋ! ಅಂಗಡಿಯಲ್ಲಿ ನಾವು "ಇದು ಟಚ್ ಗ್ಲಾಸ್, ಇದು ಬರೀ ಗ್ಲಾಸ್" ಎಂದು ಬೇರೆ ಬೇರೆ ಡಬ್ಬಿಯಲ್ಲಿ ಇಡುತ್ತೇವೆ. ಟಚ್ ಗ್ಲಾಸ್‌ಗೆ ಕೆಳಗೆ ಸ್ಟ್ರಿಪ್ ಇರುತ್ತದೆ, ಬರೀ ಗ್ಲಾಸ್‌ಗೆ ಇರುವುದಿಲ್ಲ. ಇಷ್ಟು ವರ್ಷ ಆ ಸ್ಟ್ರಿಪ್ ಯಾಕೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ಬೆಂದಕಾಳೂರು
@ತೆಳುಪದರ ಒಂದು ತಿದ್ದುಪಡಿ. ಎಲ್ಲ ಫೋನಿನಲ್ಲೂ ಐಟಿಓ ಎಂದಂತೆ ಆಯಿತು. ಈಗಿನ ಬಾಗುವ ಅಮೋಲೆಡ್ ಪರದೆಗಳಲ್ಲಿ ಟಚ್‌ಗೆ ತೆಳ್ಳನೆಯ ಲೋಹದ ಬಲೆ ಇರುತ್ತದೆ. ಪಿಕ್ಸೆಲ್‌ಗಳ ಸಂದಿಯಲ್ಲಿ ಗೆರೆ ಎಳೆದಿರುವುದರಿಂದ ಕಾಣುವುದಿಲ್ಲ.

ತೆಳುಪದರ
ಹೌದು, ಒಪ್ಪಿದೆ. ಐಟಿಓ ಗಾಜಿನ ಹಾಗೆ ಪೆಡಸು, ಬಗ್ಗಿಸಿದರೆ ಬಿರುಕು ಬಿಡುತ್ತದೆ. ಮಡಚುವ ಫೋನಿಗೆ ಅದು ಆಗಿಬರುವುದಿಲ್ಲ.

ಬಳಪ
ನಾನು ತುಮಕೂರು ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತೇನೆ. ಒಂದು ಸಂಕಟ. ಪಾಠದಲ್ಲಿ "ಲೋಹ ವಾಹಕ, ಹೊಳೆಯುತ್ತದೆ, ಬೆಳಕು ಬಿಡುವುದಿಲ್ಲ. ಗಾಜು ಅವಾಹಕ, ಬೆಳಕು ಬಿಡುತ್ತದೆ" ಎಂದು ಕಲಿಸುತ್ತೇನೆ. ಈ ಐಟಿಓ ಎರಡೂ ದೋಣಿಯಲ್ಲಿ ಕಾಲಿಟ್ಟಿದೆಯಲ್ಲ? ಮಕ್ಕಳು ಕೇಳಿದರೆ ಏನು ಹೇಳಲಿ? ಸಮೀಕರಣ ಬೇಡ ದಯವಿಟ್ಟು.

ತೆಳುಪದರ
ಬಳಪ ಮೇಡಂ, ನೀವು ಕೇಳಿದ್ದೇ ಇದರ ಗಂಟು. ಬಿಡಿಸಲು ನೋಡುತ್ತೇನೆ.

ಮೊದಲು ಬೆಳಕು ಯಾಕೆ ದಾಟುತ್ತದೆ ಎಂಬುದು. ಕಣ್ಣಿಗೆ ಕಾಣುವ ಬೆಳಕಿನ ಒಂದೊಂದು ಕಣದಲ್ಲಿ ಸುಮಾರು 1.7ರಿಂದ 3.1 ಎಲೆಕ್ಟ್ರಾನ್ ವೋಲ್ಟ್ (ಇಂಥ ಪುಟ್ಟ ಶಕ್ತಿ ಅಳೆಯುವ ಮಾನ) ಶಕ್ತಿ ಇರುತ್ತದೆ. ಕೆಂಪಿಗೆ ಕಡಿಮೆ, ನೇರಳೆಗೆ ಜಾಸ್ತಿ. ವಸ್ತುವಿನೊಳಗಿನ ಎಲೆಕ್ಟ್ರಾನಿಗೆ ಒಂದು ಮೆಟ್ಟಿಲು ಹತ್ತುವುದಿದೆ ಎಂದುಕೊಳ್ಳಿ. ಸಿಲಿಕಾನ್‌ನಲ್ಲಿ ಆ ಮೆಟ್ಟಿಲು ಬರೀ 1.1. ಯಾವ ಬಣ್ಣದ ಬೆಳಕು ಬಂದರೂ ಎಲೆಕ್ಟ್ರಾನ್ ಅದನ್ನು ನುಂಗಿ ಮೆಟ್ಟಿಲು ಹತ್ತಿಬಿಡುತ್ತದೆ. ಬೆಳಕು ಅಲ್ಲೇ ಮುಗಿಯಿತು. ಸೋಲಾರ್ ಫಲಕ ಕಪ್ಪಗಿರುವುದು ಅದಕ್ಕೇ. ಇಂಡಿಯಂ ಆಕ್ಸೈಡ್‌ನಲ್ಲಿ ಮೆಟ್ಟಿಲು 3.5ರ ಆಸುಪಾಸು. ಯಾವ ಬಣ್ಣಕ್ಕೂ ಹತ್ತಿಸುವ ತಾಕತ್ತಿಲ್ಲ. ಬೆಳಕು ಹಾಗೇ ಆಚೆ ಹೋಗುತ್ತದೆ.

ಇನ್ನು ಕರೆಂಟ್. ಇಂಡಿಯಂ ಜಾಗದಲ್ಲಿ ಅಲ್ಲಲ್ಲಿ ತವರ ಕೂರಿಸಿದರೆ ಪ್ರತಿ ತವರಕ್ಕೆ ಒಂದು ಎಲೆಕ್ಟ್ರಾನ್ ಮಿಕ್ಕುತ್ತದೆ. ಅದು ಓಡಾಡಿಕೊಂಡು ಕರೆಂಟ್ ಸಾಗಿಸುತ್ತದೆ.

ಹಾಗಾದರೆ ಲೋಹದ ಹಾಗೆ ಹೊಳೆಯಬೇಕಲ್ಲ ಎಂದು ಚುರುಕು ಮಗು ಕೇಳಬಹುದು. ಓಡಾಡುವ ಎಲೆಕ್ಟ್ರಾನುಗಳ ಸಂಖ್ಯೆ ತಾಮ್ರಕ್ಕಿಂತ ಸುಮಾರು ನೂರು ಪಟ್ಟು ಕಡಿಮೆ. ಅಷ್ಟು ಕಡಿಮೆ ಇದ್ದಾಗ ಅವು ಕಾಣುವ ಬೆಳಕನ್ನು ವಾಪಸ್ ಕಳಿಸಲಾರವು, ಶಾಖದ ಕಿರಣವನ್ನು ಮಾತ್ರ ಕಳಿಸುತ್ತವೆ. ಅಂದರೆ ಐಟಿಓ ಗಾಜು ಕಣ್ಣಿಗೆ ಗಾಜು, ಶಾಖಕ್ಕೆ ಕನ್ನಡಿ.

ಪುಕ್ಕಟೆ ಅಲ್ಲ. ಅದೇ ದಪ್ಪದ ತಾಮ್ರಕ್ಕೆ ಹೋಲಿಸಿದರೆ ಕರೆಂಟಿಗೆ ತಡೆ ಸುಮಾರು ನೂರು ಪಟ್ಟು. ತಡೆ ಕಡಿಮೆ ಮಾಡಲು ದಪ್ಪ ಬಳಿದರೆ ಗಾಜು ಮಸುಕಾಗುತ್ತದೆ. ಈ ಜಗ್ಗಾಟದಲ್ಲೇ ನಮ್ಮ ಸಂಬಳ ಬರುವುದು.

ಬಳಪ
"ಕಣ್ಣಿಗೆ ಗಾಜು, ಶಾಖಕ್ಕೆ ಕನ್ನಡಿ." ನಾಳೆಯೇ ಬೋರ್ಡ್ ಮೇಲೆ ಬರೆಯುತ್ತೇನೆ. ಥ್ಯಾಂಕ್ಸ್.

ಪದಪ್ರೇಮಿ
ವಿಷಯ ಚೆನ್ನಾಗಿದೆ. ಆದರೆ ಇದನ್ನು ಕನ್ನಡದಲ್ಲಿ ಏನನ್ನುವುದು? "ಪಾರದರ್ಶಕ ವಿದ್ಯುನ್ಮಾನ ಮಂಡಲ" ಎಂದರೆ ಹಲ್ಲು ಉದುರುತ್ತದೆ.

ಸುಮ್ನಿರಿ ಸ್ವಾಮಿ
ಪಾರದರ್ಶಕ ಅಂದ ಕೂಡಲೇ ನಂಗೆ ಟೆಂಡರ್ ನೆನಪಾಗುತ್ತದೆ. 1999ರಲ್ಲೇ ಅದಕ್ಕೊಂದು ಕಾಯ್ದೆ ಮಾಡಿದ್ದೇವೆ. ಕಾಯ್ದೆ ಇದೆ, ಆಚೆ ಏನೂ ಕಾಣುವುದಿಲ್ಲ.

ಹುಬ್ಬಳ್ಳಿ ಮಿರ್ಚಿ
😂😂 ಇದನ್ನ ಫ್ರೇಮ್ ಹಾಕಸರಿ.

ಪಣಂಬೂರು ಗಾಳಿ
"ತಿಳಿ" ಎನ್ನಬಹುದಲ್ಲ ಮಾರಾಯ್ರೆ. ತಿಳಿನೀರು, ತಿಳಿಗೊಳ. ತಿಳಿ ಸರ್ಕ್ಯೂಟ್. ಬಾಯಿಗೂ ಸುಲಭ.

ಪದಪ್ರೇಮಿ
ತಿಳಿಸಾರು ನೆನಪಾಗಿ ಹಸಿವಾಯಿತು. ಆದರೂ ಒಪ್ಪಿದೆ. ತಿಳಿ ಸರ್ಕ್ಯೂಟ್.

ಬೆಂದಕಾಳೂರು
ಹೆಸರು ಇಡುವ ಮೊದಲು ಮಗು ಹುಟ್ಟಲಿ. ನಾನು ಕಟ್ಟಡ ವಿನ್ಯಾಸದ ಕೆಲಸದವನು. ಇಪ್ಪತ್ತು ವರ್ಷದಿಂದ "ಇನ್ನೇನು ಬಂತು" ಎಂದು ಕೇಳುತ್ತಲೇ ಇದ್ದೇನೆ. ಆಚೆ ಕಾಣುವ ಟೀವಿ ತಗೊಳ್ಳಿ. 2020ರಲ್ಲಿ ಷವೋಮಿ 55 ಇಂಚಿನದು ಚೀನಾದಲ್ಲಿ ಬಿಟ್ಟಿತು, 49,999 ಯುವಾನ್. 2024ರ ಜನವರಿಯಲ್ಲಿ ಎಲ್‌ಜಿ 77 ಇಂಚಿನದು ತೋರಿಸಿತು. ಆ ವರ್ಷದ ಕೊನೆಗೆ ಅಮೆರಿಕದಲ್ಲಿ ಮಾರಾಟಕ್ಕೆ ಬಂದಾಗ ಬೆಲೆ 60 ಸಾವಿರ ಡಾಲರ್. ನಮ್ಮ ಲೆಕ್ಕದಲ್ಲಿ 50 ಲಕ್ಷ. ನಮ್ಮ ಕಡೆ ಸೈಟ್ ಬರುತ್ತದೆ.

ತಮಾಷೆ ಏನು ಗೊತ್ತಾ? ಆ ಎಲ್‌ಜಿ ಟೀವಿಯ ಹಿಂದೆ ಒಂದು ಕಪ್ಪು ಪರದೆ ಇದೆ. ಗುಂಡಿ ಒತ್ತಿದರೆ ಕೆಳಗಿನಿಂದ ಮೇಲೆ ಬಂದು ಹಿಂಬದಿ ಮುಚ್ಚುತ್ತದೆ. 50 ಲಕ್ಷ ಕೊಟ್ಟು ಆಚೆ ಕಾಣುವುದನ್ನು ತಂದು, ಸಿನಿಮಾ ನೋಡುವಾಗ ಮುಚ್ಚಿಕೊಳ್ಳುವುದು!

ತೆಳುಪದರ
ಮುಚ್ಚಲೇಬೇಕು. ಪರದೆಯಲ್ಲಿ ಕಪ್ಪು ಎಂದರೆ ಅಲ್ಲಿ ಬೆಳಕು ಬರುವುದಿಲ್ಲ ಎಂದರ್ಥ. ತಿಳಿ ಪರದೆಯಲ್ಲಿ ಬೆಳಕು ಬರದ ಜಾಗದಲ್ಲಿ ಹಿಂದಿನ ಗೋಡೆ ಕಾಣುತ್ತದೆ. ಅದಕ್ಕೆ ಕಪ್ಪು ಬಣ್ಣ ತೋರಿಸಲು ಬರುವುದೇ ಇಲ್ಲ.

ಪಣಂಬೂರು ಗಾಳಿ
ಅಂದರೆ ನಾಯಕನ ಕೂದಲಿನ ಜಾಗದಲ್ಲಿ ನಮ್ಮ ಮನೆ ಗೋಡೆಯ ಕ್ಯಾಲೆಂಡರ್ ಕಾಣುತ್ತದಾ? ಒಳ್ಳೇದಾಯಿತು ಬಿಡಿ.

ತೆಳುಪದರ
ಆದರೆ ಬೆಂದಕಾಳೂರು ಸರ್, ನೀವು ಆ ಟೀವಿಯನ್ನು ಬೈಯುವ ಭರದಲ್ಲಿ ಮನೆಯ ಟೀವಿಯನ್ನು ಮರೆತಿರಿ. ತಿಳಿ ಟ್ರಾನ್ಸಿಸ್ಟರ್, ಅಂದರೆ ಕರೆಂಟನ್ನು ಆನ್-ಆಫ್ ಮಾಡುವ ಆಚೆ ಕಾಣುವ ಪುಟ್ಟ ಸ್ವಿಚ್, ಆಗಲೇ ಮನೆಗೆ ಬಂದು ಹತ್ತು ವರ್ಷದ ಮೇಲಾಯಿತು.

ಕಥೆ ಹೀಗಿದೆ. ಟೋಕಿಯೋ ತಾಂತ್ರಿಕ ಸಂಸ್ಥೆಯ ಹಿಡಿಯೋ ಹೊಸೊನೊ ಅವರ ತಂಡ 2004ರಲ್ಲಿ ಒಂದು ಪ್ಲಾಸ್ಟಿಕ್ ಹಾಳೆಯ ಮೇಲೆ ಆಚೆ ಕಾಣುವ ಟ್ರಾನ್ಸಿಸ್ಟರ್ ಮಾಡಿತು. ಇಂಡಿಯಂ, ಗ್ಯಾಲಿಯಂ, ಸತು, ಮೂರರ ಆಕ್ಸೈಡ್ ಕಲಸಿದ ಪದರ. ಚಿಕ್ಕದಾಗಿ ಇಗ್ಜೋ ಅನ್ನುತ್ತಾರೆ. ಅದಕ್ಕೂ ಹಿಂದಿನ ವರ್ಷ ಅಮೆರಿಕದ ಒರೆಗಾನ್‌ನಲ್ಲಿ ಜಾನ್ ವೇಗರ್ ಅವರ ಗುಂಪು ಬರೀ ಸತುವಿನ ಆಕ್ಸೈಡ್‌ನಿಂದ ತಿಳಿ ಟ್ರಾನ್ಸಿಸ್ಟರ್ ತೋರಿಸಿತ್ತು. ಆಗ ಎಲ್ಲರೂ ನಿಮ್ಮ ವಿಡಿಯೋದಂಥ ಕನಸು ಕಂಡರು. ಗಾಜಿನ ಫೋನ್, ಗಾಜಿನ ಕಂಪ್ಯೂಟರ್.

ಕಾರ್ಖಾನೆಯವರು ಅದರಲ್ಲಿ ಬೇರೆ ಗುಣ ನೋಡಿದರು. ಟೀವಿ ಪರದೆಯ ಹಿಂದೆ ಆಗ ಇದ್ದದ್ದು ಅಮಾರ್ಫಸ್ ಸಿಲಿಕಾನ್, ಅಂದರೆ ಹರಳುಗಟ್ಟದ ಸಿಲಿಕಾನ್. ಅದರಲ್ಲಿ ಎಲೆಕ್ಟ್ರಾನ್ ಎತ್ತಿನಗಾಡಿ ವೇಗದಲ್ಲಿ ಹೋಗುತ್ತದೆ. ಇಗ್ಜೋದಲ್ಲಿ ಹತ್ತು ಪಟ್ಟು ಜೋರು, ಆಫ್ ಮಾಡಿದಾಗ ಸೋರುವ ಕರೆಂಟ್ ತೀರಾ ಕಡಿಮೆ. 2012ರಲ್ಲಿ ಶಾರ್ಪ್ ಕಂಪನಿ ಕಾಮೆಯಾಮಾ ಕಾರ್ಖಾನೆಯಲ್ಲಿ ಇಗ್ಜೋ ಪರದೆಗಳನ್ನು ರಾಶಿಗಟ್ಟಲೆ ಮಾಡಲು ಶುರು ಮಾಡಿತು. ಈಗ ದೊಡ್ಡ ಓಲೆಡ್ ಟೀವಿಗಳ ಹಿಂದೆಯೂ ಇದೇ ಜಾತಿಯ ಆಕ್ಸೈಡ್ ಟ್ರಾನ್ಸಿಸ್ಟರ್‌ಗಳು.

ಆಚೆ ಕಾಣಲಿ ಎಂದು ಹುಡುಕಿದ್ದು. ಕೊನೆಗೆ ಯಾರಿಗೂ ಕಾಣದ ಟೀವಿಯ ಹೊಟ್ಟೆಯಲ್ಲಿ ಕೂತು ಕೆಲಸ ಮಾಡುತ್ತಿದೆ.

ಬೆಂದಕಾಳೂರು
ಸರಿ, ಟೀವಿ ವಾಪಸ್ ತಗೊಂಡೆ. ಫೋನ್? ಅದಕ್ಕೆ ಉತ್ತರ ಬಂದಿಲ್ಲ.

ಗೀರುಗಾಜು
ಫೋನ್ ಬರುವುದಿಲ್ಲ ಎನ್ನಲು ನನ್ನ ಹತ್ತಿರ ಎರಡು ಕಾರಣ ಇದೆ. ನಾನು ಚಿಪ್ ವಿನ್ಯಾಸದವನು, ತಪ್ಪಿದ್ದರೆ ತಿದ್ದಿ.

ಕಾರಣ ಒಂದು. ಈಗಿನ ಚಿಪ್‌ಗಳಲ್ಲಿ ಎನ್ ಜಾತಿ, ಪಿ ಜಾತಿ ಎಂದು ಎರಡು ಬಗೆಯ ಟ್ರಾನ್ಸಿಸ್ಟರ್ ಜೋಡಿಯಾಗಿ ಕೆಲಸ ಮಾಡುತ್ತವೆ. ಒಂದು ಆನ್ ಇದ್ದಾಗ ಇನ್ನೊಂದು ಆಫ್. ಹಾಗಾಗಿ ಸುಮ್ಮನಿದ್ದಾಗ ಕರೆಂಟ್ ಹೆಚ್ಚು ತಿನ್ನುವುದಿಲ್ಲ. ತಿಳಿ ವಸ್ತುಗಳಲ್ಲಿ ಎನ್ ಜಾತಿ ಚೆನ್ನಾಗಿದೆ, ಪಿ ಜಾತಿ ಕುಂಟುತ್ತದೆ. 1997ರಲ್ಲಿ ಹೊಸೊನೊ ಗುಂಪೇ ತಾಮ್ರ-ಅಲ್ಯೂಮಿನಿಯಂ ಆಕ್ಸೈಡ್ ಎಂಬ ತಿಳಿ ಪಿ ವಸ್ತು ತೋರಿಸಿತು. ಅಂದಿನಿಂದ ಹುಡುಕಾಟ ನಡೆದೇ ಇದೆ, ಸರಿಜೋಡಿ ಸಿಕ್ಕಿಲ್ಲ. ಗಂಡು ಇದೆ, ಹೆಣ್ಣು ಸಿಗದೆ ಮದುವೆ ನಿಂತಿದೆ.

ಜೋಡಿ ಇಲ್ಲದೆ ಮಾಡಿದರೆ? 2021ರಲ್ಲಿ ಆರ್ಮ್ ಮತ್ತು ಪ್ರಾಗ್‌ಮ್ಯಾಟಿಕ್ ಕಂಪನಿಗಳವರು ಪ್ಲಾಸ್ಟಿಕ್ ಮೇಲೆ ಆಕ್ಸೈಡ್ ಟ್ರಾನ್ಸಿಸ್ಟರ್‌ಗಳಿಂದ 32 ಬಿಟ್ ಪ್ರೊಸೆಸರ್ ಮಾಡಿದರು. 18,334 ಗೇಟ್, ಅಂದರೆ ಟ್ರಾನ್ಸಿಸ್ಟರ್ ಸೇರಿಸಿ ಮಾಡಿದ ಲೆಕ್ಕದ ಪುಟ್ಟ ಘಟಕಗಳು. ಎಲ್ಲ ಎನ್ ಜಾತಿಯೇ. ವೇಗ ಹೆಚ್ಚೆಂದರೆ 29 ಕಿಲೋಹರ್ಟ್ಸ್. ನಿಮ್ಮ ಜೇಬಿನ ಫೋನ್ ಅದಕ್ಕಿಂತ ಸುಮಾರು ಲಕ್ಷ ಪಟ್ಟು ವೇಗ. ಹಾಲಿನ ಪ್ಯಾಕೆಟ್ ಮೇಲೆ ಅಂಟಿಸುವ ಲೇಬಲ್‌ಗೆ ಅದು ಸಾಕು. ರೀಲ್ಸ್ ನೋಡಲು ಸಾಲದು.

ಕಾರಣ ಎರಡು, ಬ್ಯಾಟರಿ. ಬ್ಯಾಟರಿಯ ಒಳಗಿನ ಪುಡಿ ಸಾಮಾನ್ಯವಾಗಿ ಕಪ್ಪಗಿರುತ್ತದೆ, ಆಚೆ ಕಾಣುವುದಿಲ್ಲ. 2011ರಲ್ಲಿ ಸ್ಟ್ಯಾನ್‌ಫೋರ್ಡ್‌ನ ಯಿ ಕುಯಿ ತಂಡ ಜಾಣತನ ಮಾಡಿತು. ಪುಡಿಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳ ಜಾಲರಿಯಾಗಿ ಹಾಕಿತು, ಒಂದೊಂದು ಗೆರೆ 35 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). ನೂರಕ್ಕೆ 60 ಪಾಲು ಬೆಳಕು ದಾಟಿತು. ಆದರೆ ಜಾಲರಿ ಎಂದರೆ ಮುಕ್ಕಾಲು ಪಾಲು ಜಾಗ ಖಾಲಿ. ಖಾಲಿ ಜಾಗದಲ್ಲಿ ಚಾರ್ಜ್ ಎಲ್ಲಿಂದ ಬರಬೇಕು?

ತೆಳುಪದರ
ಎರಡೂ ಸರಿ. "ಮುಕ್ಕಾಲು" ಅಲ್ಲ ಬಿಡಿ, ಉಳಿದದ್ದು ಸರಿ.

ಗೀರುಗಾಜು
ಬಾಯಿಮಾತಿನ ಮುಕ್ಕಾಲು ಸ್ವಾಮಿ, ಟೇಪ್ ಹಿಡಿಯಬೇಡಿ.

ಸುಮ್ನಿರಿ ಸ್ವಾಮಿ
ನಾನು ಮೊದಲನೇ ಸಾಲಿನಲ್ಲೇ ಹೇಳಿದ್ದೆ. ಗ್ರಾಫಿಕ್ಸ್.

ರಿಪೇರಿ ರುದ್ರ
ಲೆನೋವೋದವರು ಆಚೆ ಕಾಣುವ ಲ್ಯಾಪ್‌ಟಾಪ್ ತೋರಿಸಿದ್ದು ಸುಳ್ಳಾ ಹಾಗಾದರೆ? ಅದರ ವಿಡಿಯೋ ಕೂಡ ಹುಡುಗಿ ಕಳಿಸಿದ್ದಾಳೆ.

ಗೀರುಗಾಜು
ಸುಳ್ಳಲ್ಲ. 2024ರಲ್ಲಿ ಬಾರ್ಸಿಲೋನಾದ ಮೇಳದಲ್ಲಿ ಇಟ್ಟಿದ್ದರು. 17.3 ಇಂಚು, ಮೈಕ್ರೋ ಎಲ್‌ಇಡಿ, ನೂರಕ್ಕೆ 55 ಪಾಲು ಆಚೆ ಕಾಣುತ್ತದೆ. ತಿಳಿ ಇರುವುದು ಮೇಲಿನ ಪರದೆ. ಪ್ರೊಸೆಸರ್, ಬ್ಯಾಟರಿ ಎಲ್ಲ ಕೆಳಗಿನ ಡಬ್ಬದಲ್ಲಿ ಬಚ್ಚಿಟ್ಟಿದ್ದಾರೆ. ಅಂಗಡಿಗೆ ಬಿಟ್ಟ ಮಾಲು ಅಲ್ಲ, ತೋರಿಕೆಗೆ ಮಾಡಿದ್ದು.

ಪಣಂಬೂರು ಗಾಳಿ
ಎಲ್ಲರೂ ಫೋನ್ ಫೋನ್ ಅಂತೀರಿ. ನಾನು ಮಂಗಳೂರಿನಲ್ಲಿ ಸೂಪರ್ ಮಾರ್ಕೆಟ್‌ಗಳ ಫ್ರೀಜರ್ ರಿಪೇರಿ ಮಾಡುವವ. ಐಸ್‌ಕ್ರೀಂ ಇಡುವ ನಿಂತ ಫ್ರೀಜರ್ ನೋಡಿದ್ದೀರಲ್ಲ, ಗಾಜಿನ ಬಾಗಿಲು. ಒಳಗೆ ಮೈನಸ್ ಇಪ್ಪತ್ತು, ಹೊರಗೆ ನಮ್ಮ ಕರಾವಳಿಯ ಸೆಕೆ. ಆ ಗಾಜಿನ ಮೇಲೆ ಬೆವರು ಬಂದು ಏನೂ ಕಾಣಬಾರದು. ಆದರೂ ಕಾಣುತ್ತದೆ. ಯಾಕೆಂದರೆ ಒಳ್ಳೇ ಬಾಗಿಲುಗಳ ಗಾಜಿಗೆ ಕರೆಂಟ್ ಕೊಟ್ಟು ಬಿಸಿ ಮಾಡುತ್ತಾರೆ. ತಂತಿ ಎಲ್ಲೂ ಕಾಣುವುದಿಲ್ಲ. ಗಾಜಿನ ಒಳಮೈಯಲ್ಲಿ ಬಳಿದ ತವರದ ಆಕ್ಸೈಡ್ ಪದರವೇ ಹೀಟರ್.

ಮೊದಲ ಸಲ ಕೆಲಸಕ್ಕೆ ಸೇರಿದಾಗ ನಂಗೆ ಗೊತ್ತಿರಲಿಲ್ಲ. ಗಾಜಿಗೆ ಎರಡು ವಯರ್ ಬಂದಿದೆ, ಗಾಜಿಗೆ ಕರೆಂಟ್ ಯಾಕೆ ಎಂದು ಎರಡನ್ನೂ ತೆಗೆದು ಟೇಪ್ ಸುತ್ತಿ ಬಂದೆ. ಮರುದಿನ ಮ್ಯಾನೇಜರ್ ಫೋನ್, "ಬಾಗಿಲು ಅಳುತ್ತಿದೆ, ಬಂದು ನೋಡು."

ಬಳಪ
ಬಾಗಿಲು ಅಳುತ್ತಿದೆ! 😂

ಹುಬ್ಬಳ್ಳಿ ಮಿರ್ಚಿ
ವಿಮಾನದ ಮುಂದಿನ ಗಾಜಿಗೂ ಹಿಂಗ ಬಿಸಿ ಮಾಡತಾರ ಅಂತ ಕೇಳೇನಿ. ಖರೇನಾ?

ತೆಳುಪದರ
ಖರೆ. ಮಂಜು ಕಟ್ಟದಂತೆ ಈ ತರಹದ ಪದರವನ್ನೇ ಹಾಕುತ್ತಾರೆ. ಇದರ ಅಜ್ಜ ಇನ್ನೂ ಹಳಬ. 1907ರಲ್ಲೇ ಜರ್ಮನಿಯ ಕಾರ್ಲ್ ಬೇಡೆಕರ್ ಎಂಬವರು ಕ್ಯಾಡ್ಮಿಯಂ ಆಕ್ಸೈಡ್ ಪದರದಲ್ಲಿ ಬೆಳಕೂ ದಾಟುತ್ತದೆ, ಕರೆಂಟೂ ಹರಿಯುತ್ತದೆ ಎಂದು ಬರೆದರು. "ಹೊಸ ತಂತ್ರಜ್ಞಾನ" ಎನ್ನುವುದು ನೂರು ವರ್ಷ ದಾಟಿದೆ.

ಸಾಗರದಾಚೆ
ಬೋಯಿಂಗ್ 787ರಲ್ಲಿ ಕಿಟಕಿಗೆ ಎಳೆಯುವ ಮುಚ್ಚಳವೇ ಇಲ್ಲ. ಗುಂಡಿ ಒತ್ತಿದರೆ ಗಾಜು ನಿಧಾನಕ್ಕೆ ನೀಲಿಯಾಗುತ್ತದೆ. 2011ರಿಂದ ಹಾರುತ್ತಿದೆ. ಎರಡು ತಿಳಿ ವಾಹಕ ಪದರಗಳ ನಡುವೆ ಬಣ್ಣ ಬದಲಿಸುವ ಜೆಲ್ ಇರುತ್ತದೆ. ಆದರೂ ಸೂರ್ಯ ನೇರ ಬಿದ್ದರೆ ಪೂರ್ತಿ ಕತ್ತಲಾಗುವುದಿಲ್ಲ. ನಾನು ಟವೆಲ್ ಸಿಕ್ಕಿಸಿ ಮಲಗಿದ್ದೇನೆ.

ಬೆಂದಕಾಳೂರು
ಗಾಜಿನ ವಿಷಯ ಬಂತಲ್ಲ, ಇದು ನನ್ನ ಕೆಲಸ. ಕಚೇರಿಗಳ ಮೀಟಿಂಗ್ ರೂಮಿಗೆ ಹಾಲು ಬಣ್ಣಕ್ಕೆ ತಿರುಗುವ ಗಾಜು ಹಾಕಿಸಿದ್ದೇನೆ. ಕರೆಂಟ್ ಕೊಟ್ಟರೆ ತಿಳಿ, ಕರೆಂಟ್ ತೆಗೆದರೆ ಮಜ್ಜಿಗೆ. ಒಳಗೆ ದ್ರವ ಹರಳಿನ ಸಣ್ಣ ಹನಿಗಳು. ಕರೆಂಟ್ ಇದ್ದಾಗ ಸಾಲಾಗಿ ನಿಲ್ಲುತ್ತವೆ, ಇಲ್ಲದಾಗ ಅಡ್ಡಾದಿಡ್ಡಿ.

ಒಬ್ಬ ಗಿರಾಕಿ ಹೋಟೆಲ್ ಕೋಣೆಯ ಬಚ್ಚಲಿಗೂ ಅದೇ ಬೇಕೆಂದ. ಅವನ ಮನೆಯವರು ಕೇಳಿದ ಮೊದಲ ಪ್ರಶ್ನೆ, "ಸ್ನಾನ ಮಾಡುವಾಗ ಕರೆಂಟ್ ಹೋದರೆ?" ಹೋದರೆ ಮಜ್ಜಿಗೆಯೇ ಆಗುತ್ತದೆ ಅಮ್ಮಾ, ಭಯ ಬೇಡ ಎಂದೆ. "ಸ್ನಾನ ಮಾಡುವಾಗ ಹೊರಗಿನವರು ಸ್ವಿಚ್ ಹಾಕಿದರೆ?" ಎಂದರು. ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಕೊನೆಗೆ ಇಟ್ಟಿಗೆ ಗೋಡೆಯನ್ನೇ ಕಟ್ಟಿದೆವು.

ಹಸಿರು ಹೊಲ
ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಅಷ್ಟೊಂದು ಗಾಜಿನ ಕಟ್ಟಡಗಳಿವೆ. ಎಲ್ಲಕ್ಕೂ ತಿಳಿ ಸೋಲಾರ್ ಗಾಜು ಹಾಕಿಬಿಟ್ಟರೆ ನಗರದ ಕರೆಂಟ್ ಸಮಸ್ಯೆಯೇ ಮುಗಿಯಿತು ಅಲ್ವಾ?

ಬೆಂದಕಾಳೂರು
ಇಲ್ಲ. ಇದನ್ನು ವರ್ಷಕ್ಕೆ ಮೂರು ಸಲ ಯಾರಾದರೂ ಕೇಳುತ್ತಾರೆ.

ಸೋಲಾರ್ ಫಲಕಕ್ಕೆ ಬೇಕಾದ್ದು ಬೆಳಕು ನುಂಗುವುದು. ಕಿಟಕಿಗೆ ಬೇಕಾದ್ದು ಬೆಳಕು ಬಿಡುವುದು. ಬಿಟ್ಟ ಬೆಳಕಿನಿಂದ ಕರೆಂಟ್ ಬರುವುದಿಲ್ಲ. ಕಣ್ಣಿಗೆ ಕಾಣದ ಅತಿನೇರಳೆ ಮತ್ತು ಶಾಖದ ಕಿರಣ ಮಾತ್ರ ಹಿಡಿಯಬಹುದು. 2014ರಲ್ಲಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದವರು ಹಾಗೆ ಮಾಡಿ ತೋರಿಸಿದಾಗ, ಬಿದ್ದ ಬಿಸಿಲಿನ ಶಕ್ತಿಯಲ್ಲಿ ಕರೆಂಟಾಗಿ ದಕ್ಕಿದ್ದು ನೂರಕ್ಕೆ ಒಂದರ ಆಸುಪಾಸು. 2020ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಇನ್ನೊಂದು ಗುಂಪು 8.1ಕ್ಕೆ ಮುಟ್ಟಿತು, ಗಾಜು ಆಗ 43.3 ಪಾಲು ಬೆಳಕು ಮಾತ್ರ ಬಿಡುತ್ತಿತ್ತು. ತಾರಸಿಯ ಮೇಲಿನ ಸಾಮಾನ್ಯ ಫಲಕ 20 ದಾಟುತ್ತದೆ.

ಇನ್ನೊಂದು, ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ. ಏಪ್ರಿಲ್ ಕೊನೆಗೆ ಒಮ್ಮೆ, ಆಗಸ್ಟ್ ಮಧ್ಯದಲ್ಲಿ ಒಮ್ಮೆ ಸರಿಯಾಗಿ ತಲೆಯ ಮೇಲೇ ಬರುತ್ತಾನೆ. ನಿಂತ ಗೋಡೆಯನ್ನು ಅವನ ಬಿಸಿಲು ಸವರಿಕೊಂಡು ಹೋಗುತ್ತದೆ ಅಷ್ಟೇ. ಮೊದಲು ತಾರಸಿ ತುಂಬಿಸಿ, ಆಮೇಲೆ ಗೋಡೆ ನೋಡೋಣ.

ಹಸಿರು ಹೊಲ
ಅಷ್ಟು ಗದರಬೇಕಾಗಿರಲಿಲ್ಲ ಸರ್. ಆದರೆ ಆ ಗಾಜಿನ ಕಟ್ಟಡ ಹೇಗೂ ಇದೆಯಲ್ಲ? ಇದ್ದ ಗಾಜಿನಿಂದ ಸ್ವಲ್ಪ ಬಂದರೂ ಲಾಭವೇ. ಶಾಖದ ಕಿರಣ ಗಾಜಲ್ಲೇ ನಿಂತರೆ ಒಳಗಿನ ಏಸಿ ಖರ್ಚೂ ಉಳಿಯುತ್ತದೆ.

ಬೆಂದಕಾಳೂರು
ಏಸಿ ಮಾತು ಸರಿ. ಅದನ್ನು ಒಪ್ಪುತ್ತೇನೆ. ಗದರಿದ್ದಕ್ಕೆ ಸಾರಿ, ಇವತ್ತು ಸೈಟಿನಲ್ಲಿ ಬೇರೆ ಜಗಳ ಆಗಿತ್ತು.

ನಿರ್ವಾಹಕ
ಹೋಟೆಲ್ ಬಚ್ಚಲಿನ ಬಗ್ಗೆ ಬಂದ ನಾಲ್ಕು ಪ್ರತಿಕ್ರಿಯೆ ಅಳಿಸಿದ್ದೇನೆ. ವಿಷಯಕ್ಕೆ ಬನ್ನಿ.

ಜಕ್ಕೂರು ಜಾಲಿ
ಇಂಡಿಯಂ ಬಗ್ಗೆ ಯಾರೂ ಮಾತಾಡಲಿಲ್ಲ. ಅದಕ್ಕೆ ಅಂತ ಬೇರೆ ಗಣಿ ಇಲ್ಲ. ಸತುವಿನ ಅದಿರು ಕರಗಿಸುವಾಗ ಉಪ ಉತ್ಪನ್ನವಾಗಿ ಸ್ವಲ್ಪ ಸಿಗುತ್ತದೆ. ಬೇಡಿಕೆ ಜಾಸ್ತಿ ಆಯಿತೆಂದು ಜಾಸ್ತಿ ತೆಗೆಯಲು ಆಗುವುದಿಲ್ಲ, ಸತು ಎಷ್ಟೋ ಅಷ್ಟೇ. ಅತಿ ಹೆಚ್ಚು ತೆಗೆಯುವುದು ಚೀನಾ. 2025ರ ಫೆಬ್ರವರಿಯಲ್ಲಿ ಅವರು ಇಂಡಿಯಂನ ಕೆಲವು ಸಂಯುಕ್ತಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದರು.

ಅದಕ್ಕೇ ಇಂಡಿಯಂ ಬೇಡದ ದಾರಿ ಹುಡುಕುತ್ತಾರೆ. ಅದರಲ್ಲಿ ನಂಗೆ ಬಹಳ ಇಷ್ಟವಾದದ್ದು ನಮ್ಮ ಜಕ್ಕೂರಿನದೇ. ಜವಾಹರಲಾಲ್ ನೆಹರು ಉನ್ನತ ಸಂಶೋಧನಾ ಕೇಂದ್ರದಲ್ಲಿ ಜಿ. ಯು. ಕುಲಕರ್ಣಿ ಅವರ ತಂಡ ಮಾಡಿದ್ದು. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಕೆಸರು ಬಿರುಕು ಬಿಡುತ್ತದಲ್ಲ, ಅದೇ ತಂತ್ರ. ಗಾಜಿನ ಮೇಲೆ ಒಣಗಿದರೆ ಬಿರಿಯುವ ಒಂದು ದ್ರವ ಸವರುತ್ತಾರೆ. ಒಣಗಿ ಬಿರುಕು ಬಿಡುತ್ತದೆ. ಮೇಲಿನಿಂದ ಲೋಹದ ಆವಿ ಹಾಯಿಸುತ್ತಾರೆ. ಬಿರುಕಿನೊಳಗೆ ಇಳಿದ ಲೋಹ ಗಾಜಿಗೆ ಅಂಟುತ್ತದೆ. ಆಮೇಲೆ ಒಣಗಿದ ಪದರ ತೊಳೆದರೆ ಬಿರುಕಿನ ಆಕಾರದ ಲೋಹದ ಬಲೆ ಉಳಿಯುತ್ತದೆ. ಎಳೆಗಳು ಕೆಲವೇ ಮೈಕ್ರಾನ್ ಅಗಲ, ಕಣ್ಣಿಗೆ ಕಾಣುವುದಿಲ್ಲ.

ಚೆಂದ ಏನೆಂದರೆ ಕೆರೆಯಂಗಳದ ಬಿರುಕುಗಳೆಲ್ಲ ಒಂದಕ್ಕೊಂದು ಸೇರಿರುತ್ತವೆ. ಹಾಗಾಗಿ ಬಲೆಯೂ ಎಲ್ಲೂ ತುಂಡಾಗದೆ ಕರೆಂಟ್ ಸಾಗಿಸುತ್ತದೆ. ಯಾರೂ ಗೆರೆ ಎಳೆಯಬೇಕಿಲ್ಲ, ಒಣಗಲು ಬಿಟ್ಟರೆ ಸಾಕು. ತಿಳಿ ಹೀಟರ್ ಗಾಜು ಮಾಡಿ ತೋರಿಸಿದ್ದಾರೆ.

ಹುಬ್ಬಳ್ಳಿ ಮಿರ್ಚಿ
ನಮ್ಮ ಮನಿ ಗ್ವಾಡಿ ಪೇಂಟ್ ಹಂಗ ಬಿರುಕು ಬಿಟ್ಟಾಗ ಮೇಸ್ತ್ರಿಗೆ ಬೈದು ಕಳಿಸಿದ್ದೆ. ಸಂಶೋಧನಾ ಮಾಡಿದ್ದ ಪಾಪ.

ಬಳಪ
ಜಕ್ಕೂರು ಸರ್, ಇದು ಅದ್ಭುತ. ನಮ್ಮ ಶಾಲೆಯ ಹಿಂದೆಯೇ ಕೆರೆ ಇದೆ. ಏಪ್ರಿಲ್‌ನಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸುತ್ತೇನೆ.

ಗೀರುಗಾಜು
ಗ್ರಾಫೀನ್, ಅಂದರೆ ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ, ಎಲ್ಲಿ ಹೋಯಿತು? 2010ರಲ್ಲಿ ನೊಬೆಲ್ ಬಂದ ವರ್ಷ ಕೊರಿಯಾದವರು 30 ಇಂಚಿನ ಗ್ರಾಫೀನ್ ಹಾಳೆ ಎಳೆದರು. ಒಂದು ಪದರ ನುಂಗುವುದು ನೂರಕ್ಕೆ 2.3 ಪಾಲು ಬೆಳಕು ಮಾತ್ರ. ಐಟಿಓ ಕಥೆ ಮುಗಿಯಿತು ಎಂದು ನಾನೇ ಸೆಮಿನಾರ್ ಕೊಟ್ಟಿದ್ದೆ.

ತೆಳುಪದರ
ಐಟಿಓ ಅಂತ್ಯಕ್ರಿಯೆಗೆ ನಾನೂ ಮೂರು ಸಲ ಹೋಗಿ ಬಂದಿದ್ದೇನೆ. ಪ್ರತಿ ಸಲ ಐಟಿಓನೇ ಎದ್ದು ಬಂದು ಬಾಗಿಲು ತೆಗೆಯುತ್ತದೆ.

ಸಾಗರದಾಚೆ
ಇಂಡಿಯಂ ವಿಷ ಎಂದು ಓದಿದ್ದೆ. ರುದ್ರ ಅವರು ದಿನಾ ಒಡೆದ ಗಾಜು ಮುಟ್ಟುತ್ತಾರಲ್ಲ, ತೊಂದರೆ ಇಲ್ಲವಾ?

ತೆಳುಪದರ
ಕಾಯಿಲೆ ಬಂದದ್ದು ಐಟಿಓ ಗಟ್ಟಿಗಳನ್ನು ತಿಕ್ಕಿ ಉಜ್ಜುವ ಕಾರ್ಮಿಕರಿಗೆ. ಆ ಧೂಳು ಉಸಿರಿಗೆ ಹೋಗಿ ಶ್ವಾಸಕೋಶ ಕೆಟ್ಟಿತು. ಜಪಾನಿನಿಂದ 2003ರಲ್ಲಿ ಸಾವಿನ ವರದಿ ಪ್ರಕಟವಾಯಿತು. ಫೋನಿನ ಗಾಜಿನಲ್ಲಿ ಇರುವುದು ಅತಿ ತೆಳು ಪದರ. ಅದಕ್ಕಿಂತ ಗಾಜಿನ ಚೂರೇ ಅಪಾಯ. ರುದ್ರ ಅವರೇ, ಗಾಜು ತೆಗೆಯುವಾಗ ಕನ್ನಡಕ, ಮಾಸ್ಕ್ ಹಾಕುತ್ತೀರಾ?

ರಿಪೇರಿ ರುದ್ರ
ನಾಳೆಯಿಂದ ಹಾಕುತ್ತೇನೆ ಸರ್. ಬೆರಳಲ್ಲಿ ಚೂರು ಇಲ್ಲದ ದಿನವೇ ಇಲ್ಲ.

ಒಂದು ವರದಿ ಕೊಡುವುದಿತ್ತು. ಗಿರಾಕಿ ಬಂದಿದ್ದರು. ಅವರ ಹಳೇ ಟಚ್ ಗ್ಲಾಸ್ ಬಿಚ್ಚಿ ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿದೆ. ಹಾಗೆ ಹೀಗೆ ತಿರುಗಿಸಿದಾಗ ವಜ್ರದಾಕಾರದ ಸಾಲುಗಳು ಮಸುಕಾಗಿ ಕಂಡವು! ಸಾವಿರಾರು ಗ್ಲಾಸ್ ಬದಲಿಸಿದ್ದೇನೆ, ಮೊದಲ ಸಲ ನೋಡಿದ್ದು. ಬಿರುಕು ಆ ಸಾಲುಗಳನ್ನು ಅಡ್ಡ ಕತ್ತರಿಸಿದ್ದೂ ಕಂಡಿತು. ಗಿರಾಕಿ ಐದು ನಿಮಿಷ ಅದನ್ನೇ ತಿರುಗಿಸಿ ನೋಡಿದರು. ಆಮೇಲೆ, "ಸರಿ ಸರಿ, ನಿಮ್ಮ ತಪ್ಪಲ್ಲ. ಆದರೂ ಐವತ್ತು ರೂಪಾಯಿ ಕಡಿಮೆ ಮಾಡ್ಕೊಳ್ಳಿ" ಅಂದರು.

ಸುಮ್ನಿರಿ ಸ್ವಾಮಿ
ವಿಜ್ಞಾನ ಬೇರೆ, ಚೌಕಾಸಿ ಬೇರೆ.

ಬಳಪ
ರುದ್ರ ಅವರೇ, ಕೇಳಲು ಸಂಕೋಚ. ಎಸೆಯುವ ಟಚ್ ಗ್ಲಾಸ್‌ಗಳಿದ್ದರೆ ಶಾಲೆಗೆ ಕಳಿಸುತ್ತೀರಾ? ಕೊರಿಯರ್ ಖರ್ಚು ನಂದು.

ತೆಳುಪದರ
ಚೂಪು ಅಂಚಿನದು ಬೇಡ. ನೋಕಿಯಾ 5800 ಕಾಲದ ಒತ್ತುವ ಟಚ್ ಹಾಳೆ ಇದ್ದರೆ ಅದನ್ನು ಕಳಿಸಿ. ಅದರ ಮೇಲ್ಪದರ ಪ್ಲಾಸ್ಟಿಕ್, ಎದುರುಬದುರು ಎರಡು ಐಟಿಓ ಪದರ, ನಡುವೆ ಗಾಳಿ. ಮಲ್ಟಿಮೀಟರ್ ಇಟ್ಟರೆ ಮಕ್ಕಳಿಗೇ ಗೊತ್ತಾಗುತ್ತದೆ.

ರಿಪೇರಿ ರುದ್ರ
ಒಂದು ಡಬ್ಬಿ ತುಂಬ ಇದೆ. ಖರ್ಚು ಬೇಡ ಮೇಡಂ, ತುಮಕೂರಿಗೆ ಬಸ್ಸಿಗೆ ಹಾಕುತ್ತೇನೆ.

ಬಳಪ *(ಹನ್ನೊಂದು ದಿನದ ನಂತರ)*
ಡಬ್ಬಿ ಬಂತು. ಒಂಬತ್ತನೇ ತರಗತಿಯವರ ಕೈಗೆ ಕೊಟ್ಟೆ. ಮೊದಲು "ಇದರಲ್ಲಿ ಕರೆಂಟ್ ಹರಿಯುತ್ತದಾ?" ಎಂದು ಕೈ ಎತ್ತಿಸಿದೆ. ಮೂವತ್ತೆಂಟರಲ್ಲಿ ನಾಲ್ಕು ಕೈ ಎದ್ದವು. ಮಲ್ಟಿಮೀಟರಿನ ಕಡ್ಡಿಗಳನ್ನು ಒಂದೇ ಪದರದ ಎರಡು ತುದಿಗೆ ಮುಟ್ಟಿಸಿದೆವು. 412 ಓಮ್. ಕಡ್ಡಿ ತಪ್ಪಿರಬೇಕೆಂದು ನಾಲ್ಕು ಸಲ ತೆಗೆದು ಇಟ್ಟರು. ಆಮೇಲೆ ಒಂದು ಕಡ್ಡಿ ಮೇಲಿನ ಪದರಕ್ಕೆ, ಇನ್ನೊಂದು ಕೆಳಗಿನದಕ್ಕೆ. ಏನೂ ಇಲ್ಲ. ಒಬ್ಬಳು ನಡುವೆ ಬೆರಳಲ್ಲಿ ಒತ್ತಿದಳು, ಅಂಕಿ ಬಂತು. ಬೆರಳು ಜರುಗಿಸಿದಳು, ಅಂಕಿ ಬದಲಾಯಿತು. ಕ್ಲಾಸಿನಲ್ಲಿ ಗಲಾಟೆ ಎಷ್ಟಾಯಿತೆಂದರೆ ಪಕ್ಕದ ಕನ್ನಡ ಮೇಷ್ಟ್ರು ಬಂದು ಇಣುಕಿದರು. ಅವರೂ ಒತ್ತಿ ನೋಡಿ ಹೋದರು.

ಹಿಂದಿನ ಬೆಂಚಿನ ಹುಡುಗ ಕೇಳಿದ, "ಮಿಸ್, ಕೈ ಒದ್ದೆ ಇದ್ದರೆ ಅಪ್ಪನ ಫೋನ್ ಹುಚ್ಚುಚ್ಚಾಗಿ ಆಡುತ್ತದೆ, ಇದು ಆಡುವುದಿಲ್ಲವಲ್ಲ, ಯಾಕೆ?" ನೀರು ಸುರಿದು ನೋಡಿದೆವು. ನಿಜ, ಇದು ಸುಮ್ಮನಿದೆ. ತೆಳುಪದರ ಸರ್, ಸೋಮವಾರದೊಳಗೆ ಉತ್ತರ ಬೇಕು.

ತೆಳುಪದರ
ಆ ಹುಡುಗನಿಗೆ ಹೇಳಿ, ಅಪ್ಪನ ಫೋನ್ ಒತ್ತಡ ನೋಡುವುದಿಲ್ಲ, ಚಾರ್ಜ್ ನೋಡುತ್ತದೆ. ನೀರೂ ಚಾರ್ಜ್ ಎಳೆಯುವುದರಿಂದ ಅದು ಹನಿಯನ್ನೇ ಬೆರಳೆಂದು ತಿಳಿಯುತ್ತದೆ. ನಿಮ್ಮ ಹಾಳೆಗೆ ಎರಡು ಪದರ ಒಂದಕ್ಕೊಂದು ತಾಗಬೇಕು, ಹನಿಗೆ ಅಷ್ಟು ಭಾರ ಇಲ್ಲ. ಉಪ್ಪುನೀರು ಹಾಕಿ ಅಪ್ಪನ ಫೋನ್ ಮೇಲೆ ಪ್ರಯೋಗ ಮಾಡಬೇಡ ಎಂದೂ ಹೇಳಿ.

ರಿಪೇರಿ ರುದ್ರ
ಮಾಡಿದರೆ ದಾವಣಗೆರೆಗೆ ಕಳಿಸಿ.